ಹೊಡೆದ ಅಪ್ಪನ ಬಗ್ಗೆ ಇಷ್ಟು ಅಕ್ಕರೆ ಯಾಕೆ?

ಓದುಗರ ಪ್ರಶ್ನೆ: ಚಿಕಾನೊ ಲೇಖಕರ ಆತ್ಮಕಥೆಗಳಲ್ಲಿ ಅಪ್ಪ ಹೊಡೆಯುತ್ತಾನೆ, ಅಮ್ಮ ಬಿಟ್ಟುಹೋಗುತ್ತಾಳೆ. ಆದರೂ ಮಕ್ಕಳು ದೊಡ್ಡವರಾದ ಮೇಲೆ ಅವರ ಬಗ್ಗೆ ಅಕ್ಕರೆಯಿಂದಲೇ ಬರೆಯುತ್ತಾರಲ್ಲ, ಎಲ್ಲವನ್ನೂ ಕ್ಷಮಿಸಿಬಿಟ್ಟರೇ?

ಇಲ್ಲ ಎಂದೇ ನನಗನ್ನಿಸುತ್ತದೆ. ಮೆಕ್ಸಿಕೊ ಮೂಲದ ಅಮೆರಿಕನ್ನರು 1960ರ ದಶಕದ ಹೋರಾಟಗಳಲ್ಲಿ ಹೆಮ್ಮೆಯಿಂದ ಇಟ್ಟುಕೊಂಡ ಹೆಸರು ಚಿಕಾನೊ. ಈ ಸಾಲಿನ ಒಳ್ಳೆಯ ಆತ್ಮಕಥೆಗಳು ಕ್ಷಮೆಗಿಂತ ಕಷ್ಟದ ಕೆಲಸವೊಂದನ್ನು ಮಾಡುತ್ತವೆ. ಅಪ್ಪ ಮಾಡಿದ್ದನ್ನು ಒಂದಿಷ್ಟೂ ಮುಚ್ಚಿಡದೆ, ಅವನು ಹಾಗಾದದ್ದು ಹೇಗೆ ಎಂದು ಹುಡುಕಿಕೊಂಡು ಹೋಗುತ್ತವೆ.

ರೇಯ್ನಾ ಗ್ರಾಂಡೆಯವರ ‘ದಿ ಡಿಸ್ಟೆನ್ಸ್ ಬಿಟ್ವೀನ್ ಅಸ್’ (2012) ನೋಡಿ. ಅವರು ಹುಟ್ಟಿದ್ದು 1975ರಲ್ಲಿ, ಮೆಕ್ಸಿಕೊದ ಗೆರೆರೊ ರಾಜ್ಯದ ಇಗ್ವಾಲಾದಲ್ಲಿ. ಮರುವರ್ಷವೇ ಮೆಕ್ಸಿಕೊದ ನಾಣ್ಯ ಪೆಸೊದ ಬೆಲೆ ಕುಸಿಯಿತು. ಸ್ವಂತಕ್ಕೊಂದು ಇಟ್ಟಿಗೆಯ ಮನೆ ಕಟ್ಟಿಸುವಷ್ಟು ದುಡ್ಡು ಮಾಡುತ್ತೇನೆಂದು ಅಪ್ಪ ಅಮೆರಿಕದ ಗಡಿ ದಾಟಿದಾಗ ಮಗುವಿಗೆ ಎರಡು ವರ್ಷ. ಇನ್ನೆರಡು ವರ್ಷಕ್ಕೆ ಅಮ್ಮನೂ ಹೊರಟಳು. ಮೂವರು ಮಕ್ಕಳು ಅಪ್ಪನ ತಾಯಿಯ ಮನೆಯಲ್ಲಿ ಉಳಿದರು, ಅಲ್ಲಿ ಅವರು ಯಾರಿಗೂ ಬೇಡವಾದವರು. ರೇಯ್ನಾಗೆ ಅಪ್ಪ ಎಂದರೆ ಗಾಜಿನ ಹಿಂದಿನ ಒಂದು ಫೋಟೊ. ಅಮ್ಮ ಬೇಕೆಂದು ಅಳುವ ತಂಗಿಗೆ ಅಕ್ಕ ಮಾಗೊ ಹೊಕ್ಕುಳು ತೋರಿಸಿ ಸಮಾಧಾನ ಹೇಳುತ್ತಾಳೆ: ನೀನು ಹುಟ್ಟಿದಾಗ ಹೊಕ್ಕುಳಬಳ್ಳಿಯನ್ನು ಮನೆಯ ಮಣ್ಣುನೆಲದಲ್ಲೇ ಹೂತಿದ್ದಾರೆ, ಅಮ್ಮ ಎಷ್ಟು ದೂರ ಹೋದರೂ ಆ ನಂಟು ಕಡಿಯುವುದಿಲ್ಲ. ಹೇಳುವವಳೂ ಇನ್ನೂ ಚಿಕ್ಕ ಹುಡುಗಿಯೇ. ಈ ಪುಟದಲ್ಲಿ ನಾನು ಪ್ರತಿಸಲ ನಿಂತುಬಿಡುತ್ತೇನೆ.

ಮಕ್ಕಳನ್ನು ಎತ್ತಿಕೊಂಡು ಹೋಗುವ ಲಾ ಯೊರೋನಾ ಎಂಬ ದೆವ್ವದ ಕಥೆ ಹೇಳಿ ಅಜ್ಜಿ ಹೆದರಿಸುತ್ತಿದ್ದಳಂತೆ. ಮಕ್ಕಳನ್ನಲ್ಲ, ಅಪ್ಪ-ಅಮ್ಮಂದಿರನ್ನೇ ಒಯ್ಯುವ ಇನ್ನೂ ದೊಡ್ಡ ಶಕ್ತಿಯೊಂದಿದೆ, ಅದರ ಹೆಸರು ಅಮೆರಿಕ ಎಂದು ಪುಸ್ತಕ ಶುರುವಿನಲ್ಲೇ ಹೇಳಿಬಿಡುತ್ತದೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಬಿಟ್ಟುಹೋದವರು ಅಪ್ಪ-ಅಮ್ಮ ನಿಜ, ಆದರೆ ಅವರನ್ನು ಎಳೆದುಕೊಂಡು ಹೋದದ್ದೂ ಒಂದಿದೆ.

1985ರಲ್ಲಿ, ಮೂರನೇ ಪ್ರಯತ್ನದಲ್ಲಿ, ಮಕ್ಕಳೂ ಅಪ್ಪನ ಜೊತೆ ಗಡಿ ದಾಟಿ ಲಾಸ್ ಏಂಜಲೀಸ್ ಸೇರಿದರು. ಫೋಟೊದಲ್ಲಿದ್ದ ಅಪ್ಪ ಮನೆಯಲ್ಲಿ ಕುಡಿಯುತ್ತಿದ್ದ, ಬೆಲ್ಟಿನಿಂದ ಬಾರಿಸುತ್ತಿದ್ದ. ಶಾಲೆ ತಪ್ಪಿಸಬೇಡಿ, ಓದಿ ಎಂದು ಬೆನ್ನು ಹತ್ತಿದವನೂ ಅವನೇ. ದಾಖಲೆಯಿಲ್ಲದೆ ಬಂದವರಿಗೂ ಅಮೆರಿಕದಲ್ಲಿ ಕಾನೂನುಬದ್ಧವಾಗಿ ನೆಲೆಸಲು ದಾರಿ ಕೊಟ್ಟ 1986ರ ಕಾನೂನು ಬಂದಾಗ ಕಾಗದಪತ್ರ ಮಾಡಿಸಲು ಓಡಾಡಿದವನೂ ಅವನೇ. ಕೊನೆಗೆ ಮಗಳಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದಾಗ ಹೋಗಕೂಡದು ಎಂದವನೂ ಅವನೇ. ಅವನೂ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಹೊಲಕ್ಕಿಳಿದು, ಏಟು ತಿಂದು ಬೆಳೆದವನು. ಗ್ರಾಂಡೆ ಇದನ್ನು ಹೇಳುವುದು ಅಪ್ಪನ ಪರ ವಕಾಲತ್ತು ಮಾಡಲು ಅಲ್ಲ. ಹೆತ್ತವರು ಬಿಟ್ಟುಹೋದ ಮಗು ‘ನನ್ನಲ್ಲೇ ಏನೋ ದೋಷವಿದೆ’ ಎಂದುಕೊಳ್ಳುತ್ತದೆ. ನಿಜವಾದ ಕಾರಣ ಸಿಕ್ಕಿದ ಮೇಲೆ ಆ ಭಾರ ಇಳಿಯುತ್ತದೆ. ಅಕ್ಕರೆಯಿಂದ ಬರೆಯಲು ಜಾಗ ಸಿಗುವುದು ಆಮೇಲೆ.

ಲೂಯಿಸ್ ಜೆ. ರೊಡ್ರಿಗಸ್ ಅವರ ‘ಆಲ್ವೇಸ್ ರನ್ನಿಂಗ್’ (1993) ಇದನ್ನು ಇನ್ನೊಂದು ತುದಿಯಿಂದ ನೋಡುತ್ತದೆ. ಚಿಕ್ಕಂದಿನಲ್ಲೇ ಲಾಸ್ ಏಂಜಲೀಸಿನ ಗ್ಯಾಂಗ್ ಸೇರಿ, ಹದಿನೆಂಟು ತುಂಬುವಷ್ಟರಲ್ಲಿ 25 ಗೆಳೆಯರನ್ನು ಕಳೆದುಕೊಂಡವರು ಅವರು. ಆ ಕಥೆ ಬರೆಯಲು ಕೂತದ್ದು, ಹದಿನೈದರ ಮಗ ರಮೀರೊ ಶಿಕಾಗೊದಲ್ಲಿ ಗ್ಯಾಂಗ್ ಸೇರಿದಾಗ. ಬೈಗುಳ ತಿಂದ ಮಗ ಮನೆ ಬಿಟ್ಟು ಓಡುತ್ತಾನೆ, ಹಿಂದೆ ಓಡುವ ಅಪ್ಪನಿಗೆ ಮುಂದೆ ಓಡುತ್ತಿರುವುದು ತಾನೇ ಎನಿಸುತ್ತದೆ. ಪುಸ್ತಕ ಮಗನನ್ನು ಉಳಿಸಲಿಲ್ಲ. ರಮೀರೊ ಜೈಲಿಗೆ ಹೋಗಿ 2010ರಲ್ಲಿ ಹೊರಬಂದರು. ಮರುವರ್ಷ ಬಂದ ‘ಇಟ್ ಕಾಲ್ಸ್ ಯು ಬ್ಯಾಕ್’ನಲ್ಲಿ ರೊಡ್ರಿಗಸ್ ತನ್ನ ಕುಡಿತವನ್ನೂ, ಅಪ್ಪನಾಗಿ ತಾನು ಸೋತದ್ದನ್ನೂ ನೇರವಾಗಿ ಬರೆದರು. ಇಲ್ಲಿ ತಪ್ಪಿತಸ್ಥ ಅಪ್ಪನ ಕೈಯಲ್ಲೇ ಪೆನ್ನಿದೆ. ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಈ ಎರಡನೆಯ ಪುಸ್ತಕವೇ.

ಮನೆಯ ವಿಷಯ ಬೀದಿಗೆ ತಂದ ನೋವೂ ಈ ಬರಹಗಳಲ್ಲಿದೆ. ರಿಚರ್ಡ್ ರೊಡ್ರಿಗಸ್ ಅವರ ‘ಹಂಗರ್ ಆಫ್ ಮೆಮೊರಿ’ಯಲ್ಲಿ (1982), ಮನೆಯವರ ವಿಷಯ ಬರೆಯಬೇಡ ಎಂದು ತಾಯಿ ಮಗನಿಗೆ ಕಾಗದ ಹಾಕುತ್ತಾರೆ. ಮಗ ಆ ಕಾಗದವನ್ನೂ ಪುಸ್ತಕಕ್ಕೆ ಸೇರಿಸುತ್ತಾರೆ.

ಇಂಥ ಕಥೆಗಳನ್ನು ‘ಛಲದಿಂದ ಗೆದ್ದವರು’ ಎಂದು ಮೆಚ್ಚಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಅಪ್ಪನ ಸಂಸಾರ ಒಡೆದಾಗ ಗ್ರಾಂಡೆಯವರನ್ನು ತಮ್ಮ ಮನೆಗೆ ಕರೆದುಕೊಂಡವರು ಪಸಡೀನಾ ಸಿಟಿ ಕಾಲೇಜಿನ ಅಧ್ಯಾಪಕಿ ಡಯಾನಾ ಸಾವಸ್. ನೀನೂ ಬರೆಯಬಲ್ಲೆ ಎಂದು ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಲೇಖಕಿಯರ ಪುಸ್ತಕಗಳನ್ನು ಕೈಗಿಟ್ಟವರೂ ಅವರೇ. ಅದಕ್ಕೂ ಮೊದಲು ವರ್ಷಗಟ್ಟಲೆ ಅಮ್ಮನ ಜಾಗದಲ್ಲಿ ನಿಂತವಳು ಮಾಗೊ. ತಂಗಿ 1999ರಲ್ಲಿ ಪದವಿ ಪಡೆದಳು. ಅದೇ ಮನೆಯಲ್ಲಿ ಅದೇ ಬೆಲ್ಟಿನ ಏಟು ತಿಂದ ಮಾಗೊ ಕಾಲೇಜು ಅರ್ಧಕ್ಕೇ ಬಿಟ್ಟಿದ್ದಳು.