ಬೀಳುವಾಗ ಕೈ ಚಾಚದ ಹುಡುಗಿ

ಎಡವಿ ಮುಗ್ಗರಿಸಿದವರು ಮೊದಲು ಕೈ ಊರುತ್ತಾರೆ. ಅಂಗೈ ತರಚೀತು, ಮೊಣಕಾಲಿಗೆ ಗಾಯವಾದೀತು, ಆದರೆ ಮುಖ ಉಳಿಯುತ್ತದೆ. ಹದಿನೈದರ ಹುಡುಗಿ ಆಯಾ ಓಡುತ್ತ ಓಡುತ್ತ ಬಿದ್ದಾಗ ಪೆಟ್ಟಾಗಿದ್ದು ಗದ್ದಕ್ಕೆ. ಅವಳ ಕೈಗಳು ಮುಂದೆ ಬರಲೇ ಇಲ್ಲ. 2005ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜಪಾನಿನ ಫ್ಯೂಜಿ ಟಿವಿಯಲ್ಲಿ ಬಂದ ‘ಒಂದು ಲೀಟರ್ ಕಣ್ಣೀರು’ ಎಂಬ 11 ಕಂತುಗಳ ಧಾರಾವಾಹಿ ಶುರುವಾಗುವುದು ಇಂಥ ಸಣ್ಣ ಸುಳಿವುಗಳಿಂದ. ತಿನ್ನುವ ಕಡ್ಡಿಯ ಹಿಡಿತ ತಪ್ಪುತ್ತದೆ, ನಡೆಯುವಾಗ ಕಾಲು ತೊಡರುತ್ತದೆ. ನರರೋಗ ತಜ್ಞರು ಇಂಥ ಮಗುವನ್ನು ನೋಡಿದಾಗ ಗಮನಿಸುವುದೂ ಇವನ್ನೇ. ಅಳಿಸುವ ಧಾರಾವಾಹಿ ಎಂದು ಏಷ್ಯಾದಾದ್ಯಂತ ಹೆಸರಾದ ಈ ಕಥೆಯನ್ನು ನಾನು ಮೆಚ್ಚುವುದು ಅದು ತರಿಸುವ ಅಳುವಿಗಾಗಿ ಅಲ್ಲ. ಕಿರುಮೆದುಳು ನಮಗಾಗಿ ದಿನವಿಡೀ ಏನು ಮಾಡುತ್ತಿದೆ ಎಂಬುದನ್ನು, ಅದು ಒಂದೊಂದಾಗಿ ಕೈಬಿಡುವುದನ್ನು ತೋರಿಸುತ್ತ, ಇಷ್ಟು ನಿಷ್ಠೆಯಿಂದ ಹೇಳಿದ ಕಥೆ ಬಹಳ ಇಲ್ಲ.

ಕಥೆಯ ಹಿಂದೆ ನಿಜವಾದ ಹುಡುಗಿಯೊಬ್ಬಳಿದ್ದಳು. ಆಯಾ ಕಿತೋ 1962ರಲ್ಲಿ ಹುಟ್ಟಿದವಳು, ಐಚಿ ಪ್ರಾಂತ್ಯದ ತೊಯೊಹಾಶಿಯವಳು. ಹದಿಹರೆಯದಲ್ಲಿ ‘ಸ್ಪೈನೋಸೆರೆಬೆಲ್ಲಾರ್ ಡಿಜೆನರೇಷನ್’ ಎಂಬ ಕಾಯಿಲೆ ಗೊತ್ತಾಯಿತು. ಬೆನ್ನುಹುರಿಯ ಮತ್ತು ಕಿರುಮೆದುಳಿನ ನರಕೋಶಗಳು ನಿಧಾನವಾಗಿ ಸಾಯುತ್ತ ಹೋಗುವ ಕಾಯಿಲೆ ಅದು. ಬೆರಳು ಪೆನ್ನು ಹಿಡಿಯುವವರೆಗೂ ಅವಳು ದಿನಚರಿ ಬರೆದಳು. 1986ರಲ್ಲಿ ಅದು ಪುಸ್ತಕವಾಯಿತು. 1988ರ ಮೇ 23ರಂದು, 25ನೇ ವಯಸ್ಸಿನಲ್ಲಿ ಅವಳು ತೀರಿಕೊಂಡಳು. ಧಾರಾವಾಹಿ ಈ ಬದುಕನ್ನು ಎರಡು ಸಾವಿರದ ದಶಕಕ್ಕೆ ತಂದಿತು, ಮನೆಯವರಿಗೆ ತೋಫು ಅಂಗಡಿ ಕೊಟ್ಟಿತು, ಹರುತೊ ಎಂಬ ಗೆಳೆಯನನ್ನು ಕಲ್ಪಿಸಿತು. ಎರಿಕಾ ಸವಾಜಿರಿ ಆಯಾಳ ಪಾತ್ರ ಮಾಡಿದಳು. ಕಲ್ಪನೆ ಬೆರೆತಿದ್ದು ಕಥೆಯ ಸುತ್ತಣ ವಿವರಗಳಿಗೆ. ಕಾಯಿಲೆ ಮುಂದುವರಿಯುವ ಕ್ರಮವನ್ನು ಮಾತ್ರ ತಿರುಚಲಿಲ್ಲ.

ಕಿರುಮೆದುಳು ತಲೆಯ ಹಿಂಬದಿಯಲ್ಲಿ, ಕುತ್ತಿಗೆಗೆ ಸ್ವಲ್ಪ ಮೇಲೆ ಇದೆ. ತೂಕ ಸುಮಾರು 150 ಗ್ರಾಂ, ಅಂದರೆ ಇಡೀ ಮೆದುಳಿನ ಹತ್ತನೇ ಒಂದು ಪಾಲು. ಆದರೆ ಮೆದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳ ಪೈಕಿ 6,900 ಕೋಟಿಯಷ್ಟು ಇರುವುದು ಇಲ್ಲೇ. ಇಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಕೋಶಗಳನ್ನು ತುಂಬಿ ಮಾಡುವಂಥ ಕೆಲಸ ಏನು?

ಮುಂದಿನ ಕ್ಷಣವನ್ನು ಊಹಿಸುವ ಕೆಲಸ. ಪಾದ ನೆಲ ಮುಟ್ಟಿದ ಸುದ್ದಿ ಮೆದುಳಿಗೆ ತಲುಪಲು ಸುಮಾರು 40 ಮಿಲಿಸೆಕೆಂಡು ಬೇಕು. ಆ ಸುದ್ದಿ ಬಂದ ಮೇಲೆ ಯೋಚಿಸಿ, ತೀರ್ಮಾನಿಸಿ, ಸ್ನಾಯುವಿಗೆ ಅಪ್ಪಣೆ ಕಳಿಸುವಷ್ಟರಲ್ಲಿ ದೇಹ ವಾಲಿಬಿಟ್ಟಿರುತ್ತದೆ. ಹೀಗೆ ಕಾಯುತ್ತ ಕೂತರೆ ಓಡುವುದು ಇರಲಿ, ಮೆಟ್ಟಿಲು ಇಳಿಯುವುದೂ ಆಗುವುದಿಲ್ಲ. ಆದ್ದರಿಂದ ಕಿರುಮೆದುಳು ಕಾಯುವುದಿಲ್ಲ. ದೊಡ್ಡ ಮೆದುಳು ‘ನಡೆ’ ಎಂದಾಗಲೇ ಅದರ ಒಂದು ಪ್ರತಿ ಇಲ್ಲಿಗೂ ಬರುತ್ತದೆ. ಹೆಜ್ಜೆ ಎಲ್ಲಿ ಬೀಳಬೇಕು, ತೂಕ ಯಾವ ಕಾಲಿಗೆ ಹೋಗಬೇಕು, ಯಾವ ಸ್ನಾಯು ಎಷ್ಟು ಹೊತ್ತಿಗೆ ಸಡಿಲಾಗಬೇಕು ಎಂದು ಅದು ಮೊದಲೇ ಅಂದಾಜು ಹಾಕುತ್ತದೆ. ಬೆನ್ನುಹುರಿಯ ಮೂಲಕ ಕೀಲು, ಸ್ನಾಯುಗಳಿಂದ ಬರುವ ವರದಿಯನ್ನು ತನ್ನ ಅಂದಾಜಿನ ಜೊತೆ ತಾಳೆ ನೋಡುತ್ತದೆ. ವ್ಯತ್ಯಾಸ ಕಂಡರೆ ಕೂಡಲೇ ತಿದ್ದುತ್ತದೆ, ಮುಂದಿನ ಸಲಕ್ಕೆ ನೆನಪಿಟ್ಟುಕೊಳ್ಳುತ್ತದೆ. ಬೀಳುವ ದೇಹವನ್ನು ಹಿಡಿಯಲು ಕೈ ಚಾಚುವುದೂ ಹೊತ್ತಿಗೆ ಸರಿಯಾಗಿ ಆಗಬೇಕು. ಅರ್ಧ ಸೆಕೆಂಡು ತಡವಾದರೂ ಆ ಕೈಯಿಂದ ಉಪಯೋಗವಿಲ್ಲ.

ಈ ಯಂತ್ರವನ್ನು ಬಿಡಿಸಿ ನೋಡಿದವರಲ್ಲಿ ಜಪಾನಿನವರೇ ಆದ ಮಸಾವೊ ಇತೊ ಪ್ರಮುಖರು. ಕಿರುಮೆದುಳಿನ ಹೊರಪದರದಲ್ಲಿ ‘ಪರ್ಕಿಂಜಿ ಕೋಶ’ ಎಂಬ ದೊಡ್ಡ ನರಕೋಶಗಳಿವೆ. 1837ರಲ್ಲಿ ಅವುಗಳನ್ನು ವರ್ಣಿಸಿದ ಚೆಕ್ ವಿಜ್ಞಾನಿಯ ಹೆಸರೇ ಅವಕ್ಕೆ ಉಳಿದಿದೆ. ಒಂದೊಂದು ಪರ್ಕಿಂಜಿ ಕೋಶದ ಕವಲುಗಳ ಮೇಲೆ ಲಕ್ಷಕ್ಕೂ ಹೆಚ್ಚು ನರತಂತುಗಳು ಬಂದು ಕೂಡುತ್ತವೆ. ಹೊರಪದರದಿಂದ ಹೊರಹೋಗುವ ಸಂದೇಶವೆಲ್ಲ ಈ ಕೋಶಗಳ ಮೂಲಕವೇ ಹೋಗಬೇಕು. ಆ ಸಂದೇಶ ಉತ್ತೇಜಿಸುವಂಥದ್ದಲ್ಲ, ತಡೆಯುವಂಥದ್ದು ಎಂದು 1960ರ ದಶಕದಲ್ಲಿ ಇತೊ ತೋರಿಸಿದರು. ಅಂದರೆ ಕಿರುಮೆದುಳು ಚಲನೆಯನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಕೆತ್ತುತ್ತದೆ, ಬೇಡದ್ದನ್ನು ತೆಗೆದುಹಾಕುತ್ತದೆ. 1982ರಲ್ಲಿ ಇತೊ ಮತ್ತು ಅವರ ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ತಪ್ಪಾದಾಗ ಬರುವ ಸೂಚನೆ ಪರ್ಕಿಂಜಿ ಕೋಶದ ಮೇಲಿನ ಕೆಲವು ಸಂಪರ್ಕಗಳನ್ನು ದೀರ್ಘಕಾಲ ದುರ್ಬಲಗೊಳಿಸುತ್ತದೆ ಎಂದು ಪ್ರಯೋಗದಿಂದ ಕಂಡುಕೊಂಡರು. ಸೈಕಲ್ ಕಲಿಯುವಾಗ, ಈಜು ಕಲಿಯುವಾಗ ತಲೆಯೊಳಗೆ ನಡೆಯುವುದರ ಒಂದು ಭಾಗ ಇದೇ. ಅತ್ತ ಇತೊ ಈ ಕಲಿಕೆಯ ಗುಟ್ಟು ಬಿಡಿಸುತ್ತಿದ್ದ ವರ್ಷಗಳಲ್ಲೇ ಇತ್ತ ಆಯಾ ಕಿತೋ ಕಲಿತದ್ದೆಲ್ಲವನ್ನೂ ಕಳೆದುಕೊಳ್ಳುತ್ತಿದ್ದಳು. ಒಂದೇ ದೇಶ, ಒಂದೇ ಕಾಲ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪರ್ಕಿಂಜಿ ಕೋಶಗಳು ಸತ್ತಾಗ ಪಾರ್ಶ್ವವಾಯು ಬಡಿಯುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು, ಏಕೆಂದರೆ ನೋಡುವವರು ತಪ್ಪು ತಿಳಿಯುವುದು ಇಲ್ಲೇ. ಸ್ನಾಯುಗಳಲ್ಲಿ ಶಕ್ತಿ ಇರುತ್ತದೆ, ಲೆಕ್ಕ ಇರುವುದಿಲ್ಲ. ಲೋಟ ಹಿಡಿಯಲು ಚಾಚಿದ ಕೈ ಲೋಟವನ್ನು ದಾಟಿ ಹೋಗುತ್ತದೆ, ಹತ್ತಿರ ಬಂದಷ್ಟೂ ನಡುಗುತ್ತದೆ. ಬೀಳದಿರಲು ಕಾಲುಗಳನ್ನು ಅಗಲಿಸಿ ನಡೆಯಬೇಕಾಗುತ್ತದೆ, ನಡಿಗೆ ತೂರಾಡುತ್ತದೆ. ಕುಡಿದಿದ್ದಾರೆ ಎಂದು ದಾರಿಹೋಕರು ಮುಖ ತಿರುಗಿಸುವ ಅವಮಾನ ಅಟಾಕ್ಸಿಯಾ, ಅಂದರೆ ಚಲನೆಯ ಹೊಂದಾಣಿಕೆ ತಪ್ಪುವ ಈ ತೊಂದರೆ, ಇರುವ ಎಷ್ಟೋ ಜನರ ಪಾಲಿಗೆ ನಿತ್ಯದ್ದು. ಕಣ್ಣುಗುಡ್ಡೆಗಳು ಒಂದೆಡೆ ನಿಲ್ಲದೆ ಓದುವುದು ಕಷ್ಟವಾಗುತ್ತದೆ. ನಾಲಗೆ, ತುಟಿ, ಉಸಿರು ಹೊಂದಿಕೊಂಡು ಕೆಲಸ ಮಾಡದೆ ಮಾತು ಅಕ್ಷರಅಕ್ಷರವಾಗಿ ಒಡೆಯುತ್ತದೆ. ಕೊನೆಗೆ ನುಂಗುವುದೂ ತಪ್ಪುತ್ತದೆ. ಅನ್ನದ ಅಗುಳು ಶ್ವಾಸನಾಳಕ್ಕೆ ಇಳಿದು ಬರುವ ನ್ಯುಮೋನಿಯಾ ಈ ಕಾಯಿಲೆಯಲ್ಲಿ ಜೀವ ತೆಗೆಯುವ ಮುಖ್ಯ ಕಾರಣಗಳಲ್ಲಿ ಒಂದು.

ಧಾರಾವಾಹಿ ಇದೇ ಹಾದಿಯಲ್ಲಿ ಸಾಗುತ್ತದೆ: ಊರುಗೋಲು, ಗಾಲಿಕುರ್ಚಿ, ಆಮೇಲೆ ಅಕ್ಷರಗಳಿರುವ ಹಲಗೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ತೋರಿಸಿ ಮಾತಾಡುವುದು. ಆ ಹಲಗೆಯ ಮೇಲೆ ಆಯಾ ಜೋಡಿಸುವ ವಾಕ್ಯಗಳು ಮಾತ್ರ ಎಂದಿನಷ್ಟೇ ಸ್ಪಷ್ಟ. ನೆನಪು, ಭಾಷೆ, ಪ್ರೀತಿ, ಸಿಟ್ಟು ಎಲ್ಲ ಬಹುಪಾಲು ಹಾಗೇ ಉಳಿದಿರುತ್ತವೆ, ಏಕೆಂದರೆ ಅವುಗಳ ಮುಖ್ಯ ನೆಲೆ ದೊಡ್ಡ ಮೆದುಳು. ಬಹುಪಾಲು ಎಂದೆ, ಪೂರ್ತಿ ಎನ್ನಲಿಲ್ಲ. ಕಿರುಮೆದುಳಿಗೆ ಹಾನಿಯಾದವರಲ್ಲಿ ಯೋಜನೆ ಹಾಕುವುದು, ಪದ ಹುಡುಕುವುದು, ಭಾವನೆಗಳ ಹದ ಕಾಯುವುದು ಕೂಡ ಸ್ವಲ್ಪ ಏರುಪೇರಾಗುತ್ತವೆ ಎಂದು ಅಮೆರಿಕದ ನರವಿಜ್ಞಾನಿ ಜೆರೆಮಿ ಶ್ಮಾಮನ್ 1998ರಲ್ಲಿ ತೋರಿಸಿದರು. ಹಾಗೆಂದು ಮಾತು ತೊದಲಿದ ತಕ್ಷಣ ಬುದ್ಧಿಯೂ ಹೋಯಿತೆಂದು ಮಗುವಿಗೆ ಮಾತಾಡಿಸುವಂತೆ ಮಾತಾಡಿಸುವುದು ದೊಡ್ಡ ಅನ್ಯಾಯ.

ಕೋಶಗಳು ಸಾಯುವುದೇಕೆ? ಆಯಾ ಬದುಕಿದ್ದಾಗ ಇದಕ್ಕೆ ಉತ್ತರ ಇರಲಿಲ್ಲ. ಅವಳು ತೀರಿಕೊಂಡ ಐದು ವರ್ಷಕ್ಕೆ, 1993ರಲ್ಲಿ, ಅಮೆರಿಕದ ಹ್ಯಾರಿ ಆರ್ ಮತ್ತು ಹುದಾ ಜೊಘ್ಬಿ ತಂಡಗಳು ಈ ಗುಂಪಿನ ಒಂದು ಕಾಯಿಲೆಯ ಜೀನ್ ಹುಡುಕಿದವು. ಅದು ಎಸ್‌ಸಿಎ1, ಅಂದರೆ ಸ್ಪೈನೋಸೆರೆಬೆಲ್ಲಾರ್ ಅಟಾಕ್ಸಿಯಾದ ಒಂದನೇ ಬಗೆ. ಮರುವರ್ಷ ಜಪಾನಿನ ವಿಜ್ಞಾನಿಗಳು ಎಸ್‌ಸಿಎ3 ಎಂಬುದರ ಜೀನ್ ಪತ್ತೆಮಾಡಿದರು. ಎರಡರಲ್ಲೂ ಒಂದೇ ಬಗೆಯ ತಪ್ಪು. ಡಿಎನ್‌ಎಯಲ್ಲಿ ಸಿ, ಎ, ಜಿ ಎಂಬ ಮೂರಕ್ಷರ ಸಾಲಾಗಿ ಮರುಕಳಿಸುವ ಜಾಗವೊಂದಿದೆ. ಎಸ್‌ಸಿಎ3 ಜೀನ್‌ನಲ್ಲಿ ಆರೋಗ್ಯವಂತರಿಗೆ ಅದು 44 ಸಲದವರೆಗೆ ಇರಬಹುದು. ಸುಮಾರು 60 ದಾಟಿದರೆ ಕಾಯಿಲೆ. ಉದ್ದವಾದ ಆ ತೊದಲಿನಿಂದ ತಯಾರಾಗುವ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ನರಕೋಶದೊಳಗೆ ಗಂಟುಗಟ್ಟುತ್ತದೆ. ತಲೆಮಾರಿನಿಂದ ತಲೆಮಾರಿಗೆ ಸಾಲು ಇನ್ನಷ್ಟು ಉದ್ದವಾಗುವುದುಂಟು. ಉದ್ದವಾದಷ್ಟೂ ಕಾಯಿಲೆ ಬೇಗ ಕಾಣಿಸಿಕೊಳ್ಳುತ್ತದೆ, ಹಾಗಾಗಿ ತಂದೆಗೆ ನಲವತ್ತರಲ್ಲಿ ಶುರುವಾದದ್ದು ಮಗನಿಗೆ ಇಪ್ಪತ್ತರಲ್ಲೇ ಬರಬಹುದು. ಇವು ಪೋಷಕರಲ್ಲಿ ಒಬ್ಬರಿಂದ ಬಂದರೂ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮನೆತನದಲ್ಲಿ ಯಾರಿಗೂ ಇಲ್ಲದೆ ಬರುವ ಬಗೆಗಳೂ ಇವೆ.

ಕರ್ನಾಟಕದ ಓದುಗರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಇನ್ನೊಂದು ಗುಂಪಿನ ಅಟಾಕ್ಸಿಯಾಗಳು ತಂದೆತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದೊಳಗೇ ಮದುವೆ ಮಾಡುವ ಕುಟುಂಬಗಳಲ್ಲಿ ಇವುಗಳ ಸಾಧ್ಯತೆ ಹೆಚ್ಚು. ಅವುಗಳಲ್ಲಿ ಒಂದು, ದೇಹಕ್ಕೆ ಇ ಜೀವಸತ್ವವನ್ನು ರಕ್ತದಲ್ಲಿ ಉಳಿಸಿಕೊಳ್ಳಲು ಆಗದೆ ಬರುವಂಥದ್ದು. ನೋಡಲು ಗುಣವಾಗದ ಕಾಯಿಲೆಯ ಹಾಗೆಯೇ ಇರುತ್ತದೆ. ಆದರೆ ಬೇಗ ಗುರುತಿಸಿ ಹೆಚ್ಚಿನ ಪ್ರಮಾಣದಲ್ಲಿ ಇ ಜೀವಸತ್ವ ಕೊಟ್ಟರೆ ಅಲ್ಲಿಗೇ ನಿಲ್ಲುತ್ತದೆ, ಕೆಲವರಲ್ಲಿ ಸುಧಾರಿಸುತ್ತದೆ ಕೂಡ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಮದ್ಯಪಾನ, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಔಷಧದ ಪ್ರಮಾಣ ಮೀರುವುದು, ಇವೆಲ್ಲವೂ ನಡಿಗೆ ತೂರಾಡಿಸಬಲ್ಲವು, ಮತ್ತು ಇವಕ್ಕೆ ದಾರಿಯಿದೆ. ಆದ್ದರಿಂದ ‘ನರದ ಕಾಯಿಲೆ, ಏನೂ ಮಾಡಲಾಗದು’ ಎಂಬ ತೀರ್ಪಿಗೆ ತಲೆಬಾಗುವ ಮೊದಲು ರಕ್ತಪರೀಕ್ಷೆ ಆಗಲೇಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಜೀನ್ ಪರೀಕ್ಷೆಯೂ ಆಪ್ತಸಲಹೆಯೂ ಸಿಗುತ್ತವೆ. ರೋಗಿಯ ಆರೋಗ್ಯವಂತ ತಮ್ಮತಂಗಿಯರನ್ನು ಮಾತ್ರ ಅವಸರದಿಂದ ಪರೀಕ್ಷೆಗೆ ದೂಡಬಾರದು. ತಡೆಯುವ ಔಷಧವಿಲ್ಲದ ಕಾಯಿಲೆ ಮುಂದೆ ಬರುತ್ತದೋ ಇಲ್ಲವೋ ಎಂದು ತಿಳಿಯುವ, ತಿಳಿಯದಿರುವ ಹಕ್ಕು ಆ ಮಕ್ಕಳದ್ದು, ಅದೂ ಅವರು ಬೆಳೆದು ದೊಡ್ಡವರಾದ ಮೇಲೆ.

ಜಪಾನ್ ಒಂದು ವಿಷಯದಲ್ಲಿ ಬೇಗ ಎಚ್ಚೆತ್ತಿತು. ಹೊಟ್ಟೆ ಕೆಟ್ಟಾಗ ಕೊಡುತ್ತಿದ್ದ ಕ್ಲಿಯೋಕ್ವಿನಾಲ್ ಎಂಬ ಮಾತ್ರೆಯಿಂದ ಸಾವಿರಾರು ಜನರ ನರಗಳು ಹಾಳಾದ ದುರಂತದ ನಂತರ, 1972ರಲ್ಲಿ ಸರ್ಕಾರ ಗುಣಪಡಿಸಲಾಗದ ಕಾಯಿಲೆಗಳಿಗಾಗಿಯೇ ಒಂದು ಕಾರ್ಯಕ್ರಮ ರೂಪಿಸಿತು. ಸಂಶೋಧನೆಗೆ ಹಣ, ರೋಗಿಗಳ ಚಿಕಿತ್ಸಾ ವೆಚ್ಚದಲ್ಲಿ ನೆರವು ಅದರ ಭಾಗ. ಸ್ಪೈನೋಸೆರೆಬೆಲ್ಲಾರ್ ಡಿಜೆನರೇಷನ್ ಕೂಡ ಆ ಪಟ್ಟಿ ಸೇರಿತು. 2014ರಲ್ಲಿ ಇದು ಪ್ರತ್ಯೇಕ ಕಾನೂನೇ ಆಯಿತು. ಆ ದೇಶದಲ್ಲಿ ಈ ಕಾಯಿಲೆ ಇರುವವರು ಸುಮಾರು 30,000 ಮಂದಿ.

ಔಷಧಗಳ ವಿಚಾರ ಹೇಳುವುದಾದರೆ, ಟಾಲ್ಟಿರೆಲಿನ್ ಎಂಬ ಮಾತ್ರೆಗೆ ಜಪಾನಿನಲ್ಲಿ 2000ದಲ್ಲಿ ಒಪ್ಪಿಗೆ ಸಿಕ್ಕಿದೆ, ಲಕ್ಷಣಗಳ ಮೇಲೆ ಅದರ ಪರಿಣಾಮ ಅಲ್ಪ. ಬೇರೆ ಬಗೆಯದಾದ ಫ್ರೀಡ್ರೈಕ್ ಅಟಾಕ್ಸಿಯಾಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಮಾವೆಲೊಕ್ಸೊಲೋನ್ ಬಂತು. ಅದೂ ಕಾಯಿಲೆಯ ವೇಗ ತಗ್ಗಿಸುವ ಮದ್ದು, ವಾಸಿ ಮಾಡುವಂಥದ್ದಲ್ಲ.

ನನಗೆ ಹೆಚ್ಚು ಭರವಸೆ ಕೊಟ್ಟಿದ್ದು ಔಷಧಕ್ಕಿಂತ ವ್ಯಾಯಾಮ. ಕಲಿಯುವ ಅಂಗವೇ ಹಾಳಾದವರು ಹೊಸದಾಗಿ ಏನನ್ನು ಕಲಿತಾರು ಎಂಬ ಅನುಮಾನ ವೈದ್ಯರಿಗೂ ಇತ್ತು. 2012ರಲ್ಲಿ ಜಪಾನಿನ ಸಂಶೋಧಕರು ಕಿರುಮೆದುಳು ಕ್ಷಯಿಸುತ್ತಿದ್ದ 42 ಮಂದಿಗೆ ನಾಲ್ಕು ವಾರ, ದಿನಕ್ಕೆ ಒಂದೆರಡು ಗಂಟೆ, ಸಮತೋಲನ, ನಡಿಗೆ ಮತ್ತು ದಿನನಿತ್ಯದ ಕೆಲಸಗಳ ತರಬೇತಿ ಕೊಟ್ಟ ಫಲಿತಾಂಶ ಪ್ರಕಟಿಸಿದರು. ನಡಿಗೆ ಸುಧಾರಿಸಿತ್ತು. ಲಾಭ ಕ್ರಮೇಣ ಕರಗಿದರೂ ಕೆಲವರಲ್ಲಿ ಆರು ತಿಂಗಳಾದರೂ ಉಳಿದಿತ್ತು. ಅದಕ್ಕೂ ಮೊದಲು ಜರ್ಮನಿಯ ಅಧ್ಯಯನವೂ ಇದನ್ನೇ ಹೇಳಿತ್ತು. ಉಳಿದಿರುವ ಕೋಶಗಳು ಇನ್ನೂ ಕಲಿಯಬಲ್ಲವು, ಆದರೆ ಅಭ್ಯಾಸ ನಿಲ್ಲಬಾರದು. ಇದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ, ಅಟಾಕ್ಸಿಯಾ ಏನೆಂದು ಬಲ್ಲ ಫಿಸಿಯೋಥೆರಪಿಸ್ಟ್. ನುಂಗುವುದನ್ನು, ಮಾತನ್ನು ನೋಡಿಕೊಳ್ಳಲು ವಾಕ್‌ಚಿಕಿತ್ಸಕರು ಬೇಕು. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಇವರಿಬ್ಬರೂ ರೋಗ ಪತ್ತೆಯಾದ ವಾರದಿಂದಲೇ ಜೊತೆಗಿರಬೇಕು, ಹಾಸಿಗೆ ಹಿಡಿದ ಮೇಲೆ ಅಲ್ಲ.