ನೀಲಿ ಹೆಲ್ಮೆಟ್‌ನವರು ಯಾಕೆ ಗುಂಡು ಹಾರಿಸುವುದಿಲ್ಲ?

ಓದುಗರೊಬ್ಬರ ಪ್ರಶ್ನೆ: "ದಕ್ಷಿಣ ಸುಡಾನ್‌ನಲ್ಲಿ ವಿಶ್ವಸಂಸ್ಥೆಯ ಸಾವಿರಾರು ಸೈನಿಕರಿದ್ದಾರೆ. ಕೈಯಲ್ಲಿ ಬಂದೂಕೂ ಇದೆ. ಪಕ್ಕದಲ್ಲೇ ಜನ ಸಾಯುತ್ತಿದ್ದರೂ ಯಾಕೆ ಸುಮ್ನೆ ಇರುತ್ತಾರೆ? ಗುಂಡು ಹಾರಿಸುವ ಅಧಿಕಾರ ಅವರಿಗಿಲ್ವಾ?"

ಇದೆ. ಮೊದಲ ದಿನದಿಂದಲೂ ಇದೆ. ದಕ್ಷಿಣ ಸುಡಾನ್ ಸ್ವತಂತ್ರವಾಗಿದ್ದು 2011ರ ಜುಲೈ 9ಕ್ಕೆ. ಅದರ ಹಿಂದಿನ ದಿನವೇ ಭದ್ರತಾ ಮಂಡಳಿ 'ಅನ್‌ಮಿಸ್' ಎಂಬ ಈ ಪಡೆಯನ್ನು ಹುಟ್ಟುಹಾಕಿತು. ಜನರನ್ನು ಕಾಪಾಡಲು ಏನು ಅಗತ್ಯವೋ ಅದನ್ನೆಲ್ಲ ಮಾಡಬಹುದು ಎಂದು ಆ ನಿರ್ಣಯದಲ್ಲೇ ಇದೆ. ಕಾಗದದಲ್ಲಿ ಕೊರತೆ ಇಲ್ಲ.

ಕೊರತೆ ಎಲ್ಲಿದೆ ಅಂತ ಗೊತ್ತಾಗಿದ್ದು 2013ರ ಡಿಸೆಂಬರ್‌ನಲ್ಲಿ. ಅಧ್ಯಕ್ಷ ಸಾಲ್ವಾ ಕೀರ್ ಡಿಂಕಾ ಸಮುದಾಯದವರು. ಆ ಜುಲೈನಲ್ಲಿ ಅವರು ಕಿತ್ತುಹಾಕಿದ್ದ ಉಪಾಧ್ಯಕ್ಷ ರಿಯೆಕ್ ಮಚಾರ್ ನುಯೇರ್ ಸಮುದಾಯದವರು. ಡಿಸೆಂಬರ್ 15ರ ರಾತ್ರಿ ರಾಜಧಾನಿ ಜೂಬಾದಲ್ಲಿ ಸೇನೆಯೊಳಗೇ ಗುಂಡಿನ ಕಾಳಗ ಶುರುವಾಯಿತು. ಮರುದಿನದಿಂದ ಸರ್ಕಾರಿ ಸೈನಿಕರು ನುಯೇರ್ ಜನರನ್ನು ಹುಡುಕಿ ಹುಡುಕಿ ಕೊಂದರು.

ಗಂಟು ಇಲ್ಲಿದೆ. ಶಾಂತಿಪಾಲನಾ ಪಡೆ ಅಲ್ಲಿರುವುದು ಆ ದೇಶದ ಸರ್ಕಾರ ಒಪ್ಪಿದ್ದರಿಂದ. ಒಂಥರಾ ಬಾಡಿಗೆದಾರನ ಸ್ಥಿತಿ. ಮಾಲೀಕನೇ ಬಡಿಗೆ ಹಿಡಿದು ನಿಂತರೆ ಏನು ಮಾಡಬೇಕು? ಹೆಲಿಕಾಪ್ಟರ್ ಏರಬೇಕಾದರೂ 'ನಾವು ಹೊಡೆಯುವುದಿಲ್ಲ' ಎಂಬ ಭರವಸೆಯನ್ನು ಸರ್ಕಾರದಿಂದ ಪಡೆಯಬೇಕು. ಅದು ಬರೀ ಶಿಷ್ಟಾಚಾರ ಅಂದುಕೊಳ್ಳಬೇಡಿ. 2012ರ ಡಿಸೆಂಬರ್‌ನಲ್ಲಿ ಅಲ್ಲಿನ ಸೇನೆಯೇ ವಿಶ್ವಸಂಸ್ಥೆಯ ಹೆಲಿಕಾಪ್ಟರ್ ಹೊಡೆದುರುಳಿಸಿ, ಅದರಲ್ಲಿದ್ದ ನಾಲ್ವರು ರಷ್ಯನ್ನರು ಸತ್ತಿದ್ದರು.

ಇನ್ನೊಂದು ವಿಷಯ ಫೋನು. ವಿಶ್ವಸಂಸ್ಥೆಗೆ ತನ್ನದೇ ಸೈನ್ಯ ಇಲ್ಲ. ಭಾರತ, ನೇಪಾಳ, ರುವಾಂಡಾ, ಬಾಂಗ್ಲಾದೇಶ, ಮಂಗೋಲಿಯಾ ಹೀಗೆ ಒಂದೊಂದು ದೇಶ ಒಂದೊಂದು ತುಕಡಿ ಕಳಿಸುತ್ತದೆ. ಟೋಪಿ ಎಲ್ಲರದ್ದೂ ನೀಲಿ, ಆದರೆ ಗಟ್ಟಿ ನಿರ್ಧಾರ ತೆಗೆದುಕೊಳ್ಳುವ ಹೊತ್ತಿಗೆ ಅಧಿಕಾರಿಯ ಕಿವಿ ತನ್ನ ದೇಶದ ರಾಜಧಾನಿಯ ಕಡೆಗಿರುತ್ತದೆ. 2014ರಲ್ಲಿ ವಿಶ್ವಸಂಸ್ಥೆಯ ಒಳಗಿನ ತಪಾಸಣಾ ವಿಭಾಗವೇ ಬೇರೆ ಬೇರೆ ದೇಶಗಳಲ್ಲಿರುವ ಇಂಥ ಪಡೆಗಳ ಲೆಕ್ಕ ತೆಗೆಯಿತು. ಜನರ ಮೇಲೆ ದಾಳಿಯಾದ ಪ್ರಕರಣಗಳಲ್ಲಿ ಪಡೆ ತಕ್ಷಣ ಸ್ಪಂದಿಸಿದ್ದು ಐದರಲ್ಲಿ ಒಂದಕ್ಕೆ ಮಾತ್ರ.

ಆಮೇಲೆ ನೆಲ. ದೇಶ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು, ಸೈನಿಕರ ಮಿತಿ 2016ರಲ್ಲಿ ಏರಿಸಿದ ಮೇಲೂ 17,000. ಡಾಂಬರು ರಸ್ತೆ ಅಂದರೆ ಅಪರೂಪ. ಜೋಂಗ್ಲೆ, ಅಪ್ಪರ್ ನೈಲ್ ರಾಜ್ಯಗಳ ಕಡೆಯದ್ದು ಕಪ್ಪು ಮಣ್ಣು. ಗದಗ, ವಿಜಯಪುರದ ಎರೆ ಹೊಲದಲ್ಲಿ ಮಳೆಗಾಲಕ್ಕೆ ಕಾಲಿಟ್ಟವರಿಗೆ ಹೆಚ್ಚು ವಿವರಿಸಬೇಕಿಲ್ಲ. ಟ್ರಕ್ ಒಮ್ಮೆ ಹೂತರೆ ಮುಗಿಯಿತು.

ಹಾಗಾದರೆ ಒಂದು ಸಣ್ಣ ಠಾಣೆಯಲ್ಲಿ ಏನಾಗುತ್ತದೆ? ಜೋಂಗ್ಲೆಯ ಅಕೋಬೊದಲ್ಲಿ ಭಾರತೀಯ ಸೈನಿಕರ ಚಿಕ್ಕ ತುಕಡಿಯೊಂದು ಇತ್ತು. 2013ರ ಡಿಸೆಂಬರ್ 19ರಂದು ಸುಮಾರು 2,000 ಶಸ್ತ್ರಧಾರಿ ಯುವಕರು ಅದನ್ನು ಮುತ್ತಿದರು. ಒಳಗೆ ಆಶ್ರಯ ಪಡೆದಿದ್ದ ಜನ ಅವರಿಗೆ ಬೇಕಾಗಿತ್ತು. ನಮ್ಮ ಇಬ್ಬರು ಸೈನಿಕರು ಸತ್ತರು, ಆಶ್ರಯ ಕೇಳಿ ಬಂದವರೂ ಸತ್ತರು. 'ಸುಮ್ನೆ ಇರುತ್ತಾರೆ' ಅನ್ನುವಾಗ ಅಕೋಬೊವನ್ನೂ ನೆನೆಯಬೇಕು.

ಹಾಗಂತ ಎಲ್ಲಕ್ಕೂ ಮಣ್ಣು, ಸಂಖ್ಯೆಯ ನೆಪ ಹೇಳಲಾಗದು. 2016ರ ಜುಲೈನಲ್ಲಿ ಜೂಬಾದಲ್ಲಿ ಮತ್ತೆ ಕಾಳಗ. ಸರ್ಕಾರಿ ಸೈನಿಕರು 'ಟೆರೇನ್' ಎಂಬ ಹೋಟೆಲ್‌ಗೆ ನುಗ್ಗಿ ನೆರವು ಸಂಸ್ಥೆಗಳ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು, ಒಬ್ಬ ಪತ್ರಕರ್ತನನ್ನು ಕೊಂದರು. ಒಳಗಿದ್ದವರು ಮತ್ತೆ ಮತ್ತೆ ಸಹಾಯ ಕೇಳಿದರು. ವಿಶ್ವಸಂಸ್ಥೆಯ ನೆಲೆ ಸುಮಾರು ಒಂದು ಕಿಲೋಮೀಟರ್ ದೂರ. ಅಲ್ಲಿ ಚೀನಾ, ಇಥಿಯೋಪಿಯಾ, ನೇಪಾಳ, ಭಾರತದ ತುಕಡಿಗಳಿದ್ದವು. ಒಬ್ಬರೂ ಹೊರಡಲಿಲ್ಲ. ನಾಲ್ಕು ತುಕಡಿಗಳನ್ನು ಒಟ್ಟಿಗೆ ನಡೆಸುವವರೇ ಇರಲಿಲ್ಲ ಎಂದು ಆಮೇಲಿನ ತನಿಖೆ ಹೇಳಿತು. ಪಡೆಯ ಕೀನ್ಯಾದ ಕಮಾಂಡರ್‌ ಕೆಲಸ ಹೋಯಿತು. ಕೀನ್ಯಾ ಸಿಟ್ಟಾಗಿ ತನ್ನ ಸೈನಿಕರನ್ನೇ ವಾಪಸ್ ಕರೆಸಿಕೊಂಡಿತು! ಆ ದಿನದ ಬಗ್ಗೆ ನಿಮ್ಮ ಪ್ರಶ್ನೆಗೆ ನನ್ನ ಹತ್ತಿರವೂ ಸಮಾಧಾನದ ಉತ್ತರ ಇಲ್ಲ.

ಆದರೆ ಈ ಪಡೆ ಜಾಸ್ತಿ ಜೀವ ಉಳಿಸಿದ್ದು ಬಂದೂಕಿನಿಂದಲ್ಲ, ಗೇಟಿನಿಂದ. 2013ರಲ್ಲಿ ಜನ ಹಾಸಿಗೆ, ಪಾತ್ರೆ, ಮಕ್ಕಳನ್ನು ಹೊತ್ತು ಓಡಿಬಂದಾಗ ವಿಶ್ವಸಂಸ್ಥೆ ತನ್ನ ನೆಲೆಗಳ ಗೇಟು ತೆಗೆಯಿತು. ಕೆಲವು ದಿನ ಇದ್ದು ಹೋಗುತ್ತಾರೆ ಅಂದುಕೊಂಡಿದ್ದರು. ವರ್ಷಗಟ್ಟಲೆ ಉಳಿದರು. ಒಂದು ಹಂತದಲ್ಲಿ ಎಲ್ಲ ನೆಲೆಗಳಲ್ಲಿ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ. ಬೆಂಟಿಯು ಪಟ್ಟಣದ ನೆಲೆ ಒಂದರಲ್ಲೇ ಲಕ್ಷಕ್ಕೂ ಜಾಸ್ತಿ. ಗೇಟಿನ ಒಳಗೂ ದಾಳಿಗಳಾದವು, 2014ರಲ್ಲಿ ಬೋರ್‌ನಲ್ಲಿ, 2016ರಲ್ಲಿ ಮಲಕಾಲ್‌ನಲ್ಲಿ. ಆದರೂ ಹೊರಗಿದ್ದರೆ ಏನಾಗುತ್ತಿತ್ತು ಅಂತ ಆ ಜನರಿಗೆ ಗೊತ್ತಿತ್ತು.

ಬೆಂಟಿಯು ಶಿಬಿರದ ಹೊಣೆಯನ್ನು 2021ರಲ್ಲಿ ಸರ್ಕಾರಕ್ಕೆ ಒಪ್ಪಿಸಲಾಯಿತು. ಅದೇ ವರ್ಷ ಪ್ರವಾಹ ಬಂದು ಸುತ್ತಲ ಹೊಲ, ಹುಲ್ಲುಗಾವಲು ಎಲ್ಲ ಮುಳುಗಿತು. ನೀರು ವರ್ಷಗಟ್ಟಲೆ ಇಳಿಯಲಿಲ್ಲ. ಸುತ್ತ ಮಣ್ಣಿನ ಒಡ್ಡು, ಅದರ ಆಚೆ ನೀರು, ಈಚೆ ತಗ್ಗಿನಲ್ಲಿ ಜನ. ಒಡ್ಡು ಒಡೆಯದಂತೆ ಮಣ್ಣು ಪೇರಿಸುವವರಲ್ಲಿ ಪಾಕಿಸ್ತಾನದ ಎಂಜಿನಿಯರ್ ತುಕಡಿಯವರಿದ್ದರು, ಅದೇ ನೀಲಿ ಟೋಪಿಯಲ್ಲಿ.