ಹಾಡು ಬರೆದವರ ಪಾಲು

ಮಂಗಳೂರಿನಲ್ಲಿ ಮೆಹಂದಿ ಇರಲಿ, ರೋಸ್ (ಕ್ರೈಸ್ತರಲ್ಲಿ ಮದುವೆಗೆ ಮುಂಚಿನ ಶಾಸ್ತ್ರ) ಇರಲಿ, ಒಂದು ತುಳು ಹಾಡು ಹಾಕಿದರೆ ಸಾಕು, ಅಜ್ಜಿಯಂದಿರೂ ಎದ್ದು ಬರುತ್ತಾರೆ. ಹಾಡಿದವರು ಯಾರು ಅಂತ ಮಕ್ಕಳೂ ಹೇಳುತ್ತಾರೆ. ಬರೆದವರು ಯಾರು? ಅಲ್ಲಿಗೆ ಮಾತು ನಿಲ್ಲುತ್ತದೆ.

ಆ ಬರೆದವರಿಗಾಗಿ, ರಾಗ ಹಾಕಿದವರಿಗಾಗಿ ದೇಶದಲ್ಲಿ ಒಂದು ಸಂಸ್ಥೆ ಇದೆ. ಹೆಸರು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. ಎಲ್ಲರೂ ಐಪಿಆರ್‌ಎಸ್ ಅಂತಾರೆ. 1969ರಲ್ಲಿ ಮುಂಬೈಯಲ್ಲಿ ಶುರುವಾಯಿತು. ರೇಡಿಯೊ, ಟಿವಿ, ಹೋಟೆಲ್, ಮಾಲ್, ಸ್ಟೇಜ್ ಶೋ, ಹೀಗೆ ಹಾಡು ಬಳಸುವವರಿಂದ ಲೈಸೆನ್ಸ್ ಹಣ ಪಡೆದು ಹಾಡು ಮಾಡಿದವರಿಗೆ ಹಂಚುವುದು ಅದರ ಕೆಲಸ. ಊರೂರಿನ ಹೋಟೆಲಿಗೆ ಹೋಗಿ ಒಬ್ಬ ಕವಿ ದುಡ್ಡು ಕೇಳಲು ಆಗುವುದಿಲ್ಲ, ಅಲ್ವಾ?

ಆದರೆ ಎಂಟೇ ವರ್ಷಕ್ಕೆ ದೊಡ್ಡ ಪೆಟ್ಟು ಬಿತ್ತು. ದುಡ್ಡು ಕೊಟ್ಟು ಹಾಡು ಮಾಡಿಸಿದ ಸಿನಿಮಾ ನಿರ್ಮಾಪಕನೇ ಅದರ ಮೊದಲ ಒಡೆಯ, ಬೇರೆ ಒಪ್ಪಂದ ಇಲ್ಲದಿದ್ದರೆ ಬರೆದವರಿಗೆ ಹಕ್ಕಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೊದಲ ತುಳು ಸಿನಿಮಾ ಬಂದದ್ದು 1971ರಲ್ಲಿ. ಅಂದರೆ ನಮ್ಮ ಸಿನಿಮಾ ಹಾಡು ಅಂಬೆಗಾಲಿಡುವಾಗಲೇ ಈ ತೀರ್ಪು ಬಂತು. ಒಂದು ಸಲ ಕೈಗೆ ಬಂದಷ್ಟೇ ದುಡ್ಡು. ಆಮೇಲೆ ಹಾಡು ಎಷ್ಟು ವರ್ಷ ಓಡಿದರೂ ಬರೆದವರ ಮನೆಗೆ ಏನೂ ಬರಬೇಕೆಂದಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅನಿಸಿಕೆ.

ಇದು ಬದಲಾಗಲು 35 ವರ್ಷ ಬೇಕಾಯಿತು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಯಿತು. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅದಕ್ಕಾಗಿ ಗಟ್ಟಿಯಾಗಿ ಮಾತಾಡಿದರು. ಹಾಡಿನ ಹಕ್ಕನ್ನು ಬರೆದುಕೊಟ್ಟರೂ ರಾಯಲ್ಟಿಯಲ್ಲಿ, ಅಂದರೆ ಹಾಡು ಬಳಸಿದಾಗ ಬರುವ ಹಣದಲ್ಲಿ, ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡಲು ಈಗ ಆಗುವುದಿಲ್ಲ. ಥಿಯೇಟರಿನಲ್ಲಿ ಸಿನಿಮಾದ ಜೊತೆ ಹಾಡು ಬರುವುದಕ್ಕೆ ಮಾತ್ರ ಇದು ಅನ್ವಯಿಸದು. ಸಿನಿಮಾದ್ದಲ್ಲದ ಆಲ್ಬಂ ಹಾಡುಗಳಿಗೂ ಈ ರಕ್ಷಣೆ ಇದೆ. ಕೊಂಕಣಿ, ತುಳು ಆಲ್ಬಂ ಮಾಡುವವರು ಇದನ್ನು ನೆನಪಿಡಬೇಕು. ಹೊಸ ಕಾಯ್ದೆಯಡಿ ಐಪಿಆರ್‌ಎಸ್ ಮತ್ತೆ ನೋಂದಣಿ ಆದದ್ದು 2017ರಲ್ಲಿ.

ಹಾಗಾದರೆ ಮೆಹಂದಿಗೂ ಲೈಸೆನ್ಸ್ ಬೇಕಾ? ಬೇಡ. ಮದುವೆ ಮೆರವಣಿಗೆ, ಮದುವೆಗೆ ಸೇರಿದ ಸಂಭ್ರಮಗಳಿಗೆ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇದನ್ನೇ ಮತ್ತೆ ಹೇಳಿತು. ಮನೆಯವರು ಸುಮ್ನೆ ಹೆದರಬೇಕಿಲ್ಲ. ಹೊಸ ವರ್ಷಕ್ಕೆ ಟಿಕೆಟ್ ಇಟ್ಟು ಡಿಜೆ ನಡೆಸುವ ಹೋಟೆಲಿನ ವಿಷಯ ಬೇರೆ.

ಬರೆದವರು ತೀರಿಕೊಂಡರೆ ಹಕ್ಕು ಮುಗಿಯುವುದಿಲ್ಲ. ಮತ್ತೆ 60 ವರ್ಷ ವಾರಸುದಾರರಿಗೆ ಇರುತ್ತದೆ. ಉಡುಪಿಯವರಿಗೆ ಇದು ಹೊಸದಲ್ಲ. ಶಿವರಾಮ ಕಾರಂತರು 1997ರಲ್ಲಿ ತೀರಿಕೊಂಡರು. ಅವರ ಯಕ್ಷಗಾನ ಬ್ಯಾಲೆಯ ಹಕ್ಕಿನ ಕೇಸು ಉಡುಪಿಯ ಕೋರ್ಟಿನಿಂದ ಹೊರಟು ಸುಪ್ರೀಂ ಕೋರ್ಟಿಗೆ ಹೋಯಿತು. 2009ರಲ್ಲಿ ತೀರ್ಪು ಬಂತು.

ಅಪ್ಪನೋ ಅಜ್ಜನೋ ಹಾಡು ಬರೆದಿದ್ದರೆ ಆಗ ಏನು ಬರೆದುಕೊಟ್ಟಿದ್ದರು ಎಂದು ಮೊದಲು ನೋಡಿ. ಆ ಕಾಗದ ಸಿಗಲಿಲ್ಲವೇ? ಹಳೆಯ ಕ್ಯಾಸೆಟ್ ಕವರ್, ಹಾಡಿನ ಪುಸ್ತಕ ಹುಡುಕಿ. ಅಲ್ಲಿ ಹೆಸರು ಅಚ್ಚಾಗಿದ್ದರೆ, ಬೇರೆಯವರು ಸುಳ್ಳೆಂದು ತೋರಿಸುವ ತನಕ, ಬರೆದವರು ಅವರೇ ಎಂದು ಕಾನೂನು ನಂಬುತ್ತದೆ.